ಹಿಮನದಿಗೆ ನಿನ್ನ ಅಳಿಯ ಹೊಂಟಾರ

ಅವ್ವಾ,
ಲಡಾಖಿಗೆ ಬಂದು ನಾಕು ದಿನ ಆತು. ಇಲ್ಲಿ ಹಿಮನದಿ ಬೆಳ್ಳಗಿಲ್ಲ, ಅಪ್ಪನ ಧೋತ್ರಕ್ಕ ಹಾಕತಿದ್ದ ನೀಲಿ ನೀರಿನ ಬಣ್ಣ ಐತಿ. ಅದರ ಮ್ಯಾಲೆ ಆರು ದಿನ ನಡೀಬೇಕಂತ ಕೂಡ್ಲಿಗ್ಯಾಗ ಎರಡು ವರ್ಷ ನಕ್ಷಿ ಹಾಸ್ಕೊಂಡು ಕುಂತಾಕಿ ನಾನು. ಆ ಮಂಜಿನಾಗ ಏನೈತಿ ಅಂತ ನಗತಿದ್ದವರು ನಿನ್ನ ಅಳಿಯ. ಇವತ್ತು ಡಾಕ್ಟರು ನನ್ನ ಬಿಪಿ ನೋಡಿ ಬ್ಯಾಡ ಅಂದ್ರು, ಅವರಿಗೆ ಹೋಗ್ರಿ ಅಂದ್ರು. ನಾಳೆ ಹೊಂಟಾರ, ನಾ ಗೆರಿ ಎಳದ ನಕ್ಷಿ ಹಿಡ್ಕೊಂಡು. ಗುಳಿಗಿ ನುಂಗೀನಿ, ಚಿಂತಿ ಮಾಡಬ್ಯಾಡ.

ಅಪ್ಪ ನೇದ ಕರಿ ಕಂಬಳಿ ಕೊಡು ಅಂತ ಇವರು ಕೇಳಿದ್ರು. ತೊಳದೀನಿ, ಇನ್ನೂ ಒಣಗಿಲ್ಲ ಅಂದೆ. ಈಗ ಅವರು ಬಾಡಿಗಿ ಬೂಟು ತರಾಕ ಹೋಗ್ಯಾರ, ನಾ ಅದೇ ಕಂಬಳಿ ಹೊದ್ಕೊಂಡು ಬರಿಯಾಕತ್ತೀನಿ. ಮೆಟ್ಟಲ ಮ್ಯಾಲೆ ಬೂಟಿನ ಸಪ್ಪಳ ಆತು, ಕಂಬಳಿ ಮಡಚಿ ಮುಚ್ಚಿಡ್ತೀನಿ.
ನಿನ್ನ ಶಿವಲೀಲಾ