ಮೂರನೇ ಸಂಪುಟ

ಮಾರ್ಚ್ ೧೪, ಗುರುವಾರ.

ಗ್ರಂಥಾಲಯ ಕೊಡುತ್ತೇನೆಂದದ್ದು: ಕೇಳಿದವರಿಗೆಲ್ಲ ಕಾರ್ಡು, ಕಾರ್ಡಿದ್ದವರಿಗೆಲ್ಲ ಪುಸ್ತಕ. ನಮ್ಮ ಇಸ್ತ್ರಿಯಣ್ಣನಿಗೆ ಕೊಡದೇ ಹೋದದ್ದು: ಆ ಹಳೆಯ ದಪ್ಪ ಕಾದಂಬರಿಯ ಮೂರನೇ, ಕೊನೆಯ ಸಂಪುಟ. "ಇಸ್ತ್ರಿ ಅಂಗಡಿಗೆ ಹೋದ್ರೆ ಸುಟ್ಟು ಬರುತ್ತೆ" ಎಂದನಂತೆ ಮೇಲ್ವಿಚಾರಕ. ಅವನು ತೊಟ್ಟಿದ್ದ ಅಂಗಿಯೂ ಅಣ್ಣನ ಕೈಯಿಂದಲೇ ಸುಡದೆ ಬಂದದ್ದು!

ಆ ಕಾದಂಬರಿಗಾಗಿ ಫೋನಿನಲ್ಲಿ ಕಟ್ಟಿಕೊಂಡ ನಮ್ಮ ಅಭಿಮಾನಿ ಬಳಗದಲ್ಲಿ ಅಣ್ಣನೂ ಸೇರಿ ನಲವತ್ತು ಜನ. ಕಥೆಯ ಹಠಮಾರಿ ದೋಣಿಗಾರ್ತಿ ಮಾಡಿದ್ದು ಸರಿಯೋ ತಪ್ಪೋ ಎಂದು ದಿನವೂ ಜಗಳ. ಕೊನೆಗೆ ಅವಳಿಗೆ ಏನಾಗುತ್ತದೆಂದು ಅಣ್ಣನನ್ನು ಬಿಟ್ಟು ಎಲ್ಲರಿಗೂ ಗೊತ್ತು. ಎಂಟು ತಿಂಗಳಿಂದ ಒಬ್ಬರೂ ಬಾಯಿಬಿಟ್ಟಿಲ್ಲ. ಘೋಷಣೆ ಕೂಗಿ ಗಂಟಲು ಹರಿದುಕೊಂಡವಳು ನಾನು. ಇಷ್ಟು ಚೆಂದದ ಮೌನವನ್ನು ಯಾವ ಸಂಘಟನೆಯಲ್ಲೂ ಕಂಡಿಲ್ಲ.

ಸಂಜೆ ಬಳಗದ ನರ್ಸಮ್ಮ ಹೇಳಿದಳು: "ನನ್ ಪುಸ್ತಕ ತಗೊಳ್ಳಿ ಅಣ್ಣ, ಆ ಮೇಲ್ವಿಚಾರಕನ ಹತ್ರ ಏನ್ ಜಗಳ?"

"ಬೇಡ ತಾಯಿ, ನನ್ ಕಾರ್ಡಿಗೇ ಕೊಡ್ಲಿ. ಅಲ್ಲೀವರೆಗೆ ಯಾರಾದ್ರೂ ಕೊನೆ ಹೇಳಿದ್ರೋ, ಅವರ ಅಂಗಿ ಬೆನ್ನಿಗೆ ತೂತು!"

ಎಲ್ಲರ ಜೊತೆ ನಾನೂ ನಕ್ಕೆ. ಆಮೇಲೆ ಬಳಗಕ್ಕೆ ಹೀಗೆ ಬರೆದು ಕಳಿಸಿದೆ:

ನಾವು ಬಾಯಿ ಮುಚ್ಚಿಕೊಂಡಿರುವುದು ಕಥೆಯ ವಿಷಯಕ್ಕೆ ಮಾತ್ರ. ಶನಿವಾರ ಬೆಳಿಗ್ಗೆ ಹತ್ತಕ್ಕೆ, ಗ್ರಂಥಾಲಯದ ಮೆಟ್ಟಿಲ ಮೇಲೆ ಧರಣಿ. ಎಲ್ಲರೂ ಅಣ್ಣ ಇಸ್ತ್ರಿ ಮಾಡಿದ ಬಟ್ಟೆಯನ್ನೇ ತೊಟ್ಟು ಬರಬೇಕು.