ಸುಣ್ಣ ಬಳಿದ ಕುಂಟೆ

ಕುಂದುರ್ಪಿ
12-4-2006

ಕಲ್ಯಾಣದುರ್ಗದ ಫಾರೆಸ್ಟ್ ಸಾಹೇಬರಿಗೆ, ಕುಂಟೆ ಕಾಯುವ ಪೆದ್ದಣ್ಣನ ನಮಸ್ಕಾರ.

ತಾವು ಕನ್ನಡ ಓದುತ್ತೀರೆಂದು ಕನ್ನಡದಲ್ಲೇ ಬರೆದಿದ್ದೇನೆ. ಗುಡ್ಡದ ಕೆಳಗೆ ಜಿಂಕೆಗಳು ನೀರು ಕುಡಿಯಲೆಂದು ಕಟ್ಟಿಸಿದ ಕುಂಟೆಯನ್ನು ನೋಡಲು ತಾವು ಬರುತ್ತೀರೆಂದು ಕಳೆದ ತಿಂಗಳು ಕೇಳಿ, ನನ್ನ ಹೆಂಡತಿ ಪಾಪಕ್ಕ ಅದರ ಕಟ್ಟೆಗೆ ಹಬ್ಬದ ಮನೆಯ ಹಾಗೆ ಸುಣ್ಣ ಬಳಿದು ಕೆಮ್ಮಣ್ಣಿನ ಪಟ್ಟೆ ಎಳೆದಳು. ಸುಣ್ಣ ಕಲಸಿಕೊಟ್ಟವನು ನಾನೇ.

ಅಂದಿನಿಂದ ಜಿಂಕೆಗಳು ದೂರದಲ್ಲೇ ನಿಂತು ನೋಡಿ ಹಿಂದಿರುಗುತ್ತಿದ್ದವು. ಐದನೆಯ ದಿನ ಒಂದು ಜಿಂಕೆ ನೀರು ಹುಡುಕುತ್ತಾ ಹೋಗಿ ನಮ್ಮೂರ ಜಯಚಂದ್ರನ ಹೊಲದ ಬಾವಿಗೆ ಬಿದ್ದು ಸತ್ತಿತು. ಅದು ಗಬ್ಬವಾಗಿತ್ತೆಂದು ಪಶುವೈದ್ಯರು ಬರೆದುಕೊಟ್ಟ ಚೀಟಿ ಇದರೊಂದಿಗಿದೆ.

"ಸಾಹೇಬ್ರಿಗೆ ಚೆಂದ ಕಾಣ್ಲಿ ಅಂತ ಮಾಡ್ಬುಟ್ಟೆ" ಎಂದಷ್ಟೇ ಹೇಳಿ ಪಾಪಕ್ಕ ತೆಂಗಿನ ಚಿಪ್ಪಿನಿಂದ ಸುಣ್ಣವನ್ನೆಲ್ಲ ಕೆರೆದಳು. ನಾನು ಮಣ್ಣು ಮೆತ್ತಿದೆ. ನಿನ್ನೆ ನೀರಿನ ಅಂಚಿನಲ್ಲಿ ಗೊರಸಿನ ಗುರುತು ಕಂಡಿತು.

ತಾವು ಬಂದಾಗ ಜೀಪನ್ನು ರಸ್ತೆಯಲ್ಲೇ ನಿಲ್ಲಿಸಬೇಕು. ಕುಂಟೆ ನೋಡಲು ಚೆನ್ನಾಗಿರುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ. ಪಾಪಕ್ಕನ ಮುಂದೆ ಸುಣ್ಣದ ಮಾತು ಎತ್ತಬೇಡಿ. ಈ ಸಲ ಯುಗಾದಿಗೆ ಅವಳು ಮನೆಗೂ ಬಳಿಯಲಿಲ್ಲ.

ಕುಂಟೆಯ ಬಳಿಯಿಂದ,
ಪೆದ್ದಣ್ಣ