ಮಲಗಿದ್ದ ಊರು, ಬರೆಸಿದ ಊರು

ಇಸವಿ ೨೧೯೧, ಎರಡನೆಯ ಶ್ರಾವಣದ ಮೂವತ್ತಾರನೆಯ ದಿನ
ಕೆರೆಯಂಗಳ, ಧಾರವಾಡದ ಪಡುವಣ ಬದಿ

ಟು ಹೂಮ್ ಇಟ್ ಮೇ ಕನ್ಸರ್ನ್.

ಹೀಗೆ ಶುರು ಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಮುಂದಿನ ಸಾಲು ಮರೆತುಹೋಗಿದೆ. ತಾರೀಖು ನೋಡಿ ನಗಬೇಡಿ; ಮಳೆಗಾಲ ವರ್ಷಕ್ಕೆರಡು ಬಾರಿ ಬರತೊಡಗಿದ ಮೇಲೆ ಪಂಚಾಂಗವನ್ನೇ ಹಿಗ್ಗಿಸಿದ್ದಾರೆ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಈ ಕಾಗದದಲ್ಲಿ ನಾನು ಕೇಳುವ ಕ್ಷಮೆ ಇದೊಂದೇ. ಉಳಿದದ್ದನ್ನು ಕೇಳಬೇಕಾದವರು ನೀವು, ನಮಗಿಂತ ಒಂದೂವರೆ ಶತಮಾನ ಹಿಂದಿನ ಜನ.

ನನ್ನ ಹೆಸರು ಶಿವಪುತ್ರಪ್ಪ. ಹೆಂಡತಿ ದಾಕ್ಷಾಯಣಿ ಹೋದ ವರ್ಷ ತೀರಿಕೊಂಡಳು. ಈಗ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೇನೆ. ಒಳಗೆ ತುಂಬು ಬಸುರಿ ಮಗಳು ಶಾಂಭವಿ ಜ್ವರದಲ್ಲಿ ಮಲಗಿದ್ದಾಳೆ. ತಾಯಿಯನ್ನು ಕೊಂದ ಜ್ವರವೇ ಮಗಳಿಗೂ ಬಂದಿದೆ. ಅದು ನಮ್ಮ ಅಂಗಳದಲ್ಲಿದೆ ಎಂಬುದು ನಮಗೆ ಮೊದಲೇ ತಿಳಿಯಬೇಕಿತ್ತು, ನಿಮ್ಮಿಂದಾಗಿ ತಿಳಿಯಲಿಲ್ಲ.

ನಮ್ಮ ವ್ಯವಸ್ಥೆ ಹೇಗೆಂದು ಮೊದಲು ಹೇಳುತ್ತೇನೆ. ಇಲ್ಲಿ ಊರಿಗೊಂದು ಜಾಡುಮನೆಯಿದೆ. ಎಲ್ಲ ಆಸ್ಪತ್ರೆಗಳ ದಾಖಲೆಗಳು ಅಲ್ಲಿಗೆ ಬರುತ್ತವೆ. ಯಾವ ಜ್ವರ, ಯಾವ ಓಣಿ, ಯಾವ ತಿಂಗಳು ಎಂದು ನಕಾಶೆಯ ಮೇಲೆ ಗುರುತು ಮಾಡುತ್ತಾರೆ. ಒಂದೇ ಓಣಿಯಿಂದ ನಾಲ್ಕಾರು ಜನ ವಾಂತಿಭೇದಿಯೆಂದು ಬೆಳಗ್ಗೆ ಬಂದರೆ ಊಟದ ಹೊತ್ತಿಗೆ ಆ ಓಣಿಯ ನಲ್ಲಿ ಬಂದ್. ನಿಮ್ಮ ಕಾಲದ ದಾಖಲೆಗಳನ್ನೂ ಹಾಗೆಯೇ ಓದುತ್ತಾರೆ, ಏಕೆಂದರೆ ಕೆಲವು ರೋಗಗಳು ನೆಲದಲ್ಲೇ ತಲೆಮಾರುಗಟ್ಟಲೆ ಉಳಿಯುತ್ತವೆ. ನಮ್ಮ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುವುದೂ ಅದಕ್ಕೇ, ನಿಮ್ಮ ಆಸ್ಪತ್ರೆಯ ಕಾಗದ ಓದಲು. ಹೊಸದಾಗಿ ಮನೆ ಕಟ್ಟುವವನಿಗೆ ನೆಲಚೀಟಿ ಬೇಕು: ಈ ಮಣ್ಣಿನಲ್ಲಿ ಹಿಂದೆ ಯಾವ ರೋಗವಿತ್ತು ಎಂಬ ಪತ್ರ. ಕೆರೆಯಂಗಳದ ನೆಲಚೀಟಿಯಲ್ಲಿ 'ನಿರ್ಮಲ' ಎಂದು ಬರೆದಿತ್ತು.

ದಾಕ್ಷಾಯಣಿ ಆ ನಿರ್ಮಲ ಮಣ್ಣಿನಲ್ಲಿ ಮೆಂತ್ಯದ ಮಡಿ ಮಾಡಿದಳು. ಅವಳ ಹಿಮ್ಮಡಿ ಸದಾ ಒಡೆದಿರುತ್ತಿತ್ತು. ಚಪ್ಪಲಿ ಹಾಕಿಕೋ ಎಂದರೆ, "ನಿಮ್ಮ ಇಂಗ್ಲಿಷಿಗೆ ಹಾಕ್ರಿ ಮೊದಲ ಚಪ್ಪಲಿ, ಅದೂ ಕುಂಟತೈತಿ" ಎನ್ನುತ್ತಿದ್ದಳು. ಮಣ್ಣುಜ್ವರ ಒಳಹೊಕ್ಕಿದ್ದು ಆ ಬಿರುಕುಗಳಿಂದಲೇ. ಈ ರೋಗ ಒದ್ದೆ ಮಣ್ಣಿನಲ್ಲಿ ಮಲಗಿರುತ್ತದೆ, ಮಳೆ ಬಂದಾಗ ಏಳುತ್ತದೆ. ಔಷಧಿ ಇದೆ, ಮೊದಲ ದಿನವೇ ಕೊಟ್ಟರೆ. ಆದರೆ ನೆಲ ನಿರ್ಮಲವೆಂದು ನಂಬಿದ ವೈದ್ಯರು ಬೇರೆ ಬೇರೆ ಜ್ವರಗಳನ್ನು ಹುಡುಕುತ್ತ ಕೂತರು. ಹುಡುಕಿ ಮುಗಿಯುವಷ್ಟರಲ್ಲಿ ಅವಳೇ ಮುಗಿದಳು.

ಆಮೇಲೆ ಜಾಡುಮನೆಯ ಖೈರುನ್ನೀಸಾ ನಿಮ್ಮ ಕಾಗದಗಳನ್ನು ಮತ್ತೆ ಬಿಚ್ಚಿದರು. ನಿಮ್ಮ ಕಾಲದಲ್ಲಿ ಇಲ್ಲೊಂದು ಹೆರಿಗೆ ಆಸ್ಪತ್ರೆಯಿತ್ತಂತೆ. ಮಳೆಗಾಲ ಬಂತೆಂದರೆ ಅಲ್ಲಿ ಬಸುರಿಯರಿಗೆ ಜ್ವರ. ಕಾರಣದ ಜಾಗದಲ್ಲಿ ಪೈರೆಕ್ಸಿಯಾ ಆಫ್ ಅನ್‌ನೋನ್ ಒರಿಜಿನ್, ಅಂದರೆ ಗೊತ್ತಿಲ್ಲ ಎಂಬುದನ್ನು ಠೀವಿಯಿಂದ ಹೇಳುವ ರೀತಿ. ವಿಳಾಸ ಮಾತ್ರ ಒಬ್ಬಳದು ರಾಯಚೂರು, ಒಬ್ಬಳದು ಅಥಣಿ, ಮತ್ತೊಬ್ಬಳದು ಶಿರಸಿ. ನಕಾಶೆಯ ಮೇಲೆ ಸಾಸಿವೆ ಚೆಲ್ಲಿದ ಹಾಗೆ. ಎಲ್ಲೂ ಗುಂಪಿಲ್ಲ, ಆದ್ದರಿಂದ ಎಲ್ಲೂ ರೋಗವಿಲ್ಲ.

ಖೈರುನ್ನೀಸಾ ನನ್ನನ್ನೇ ಕೇಳಿದರು: "ಅಣ್ಣಾರ, ಅಥಣಿ ಹೆಣ್ಮಗಳು ತುಂಬಿದ ಬಸುರಾಗ ಇಷ್ಟು ದೂರ ಯಾಕ ಬರ್ತಾಳ?"

"ತವರುಮನಿ ಇಲ್ಲೇ ಇದ್ದರ ಬರ್ತಾಳ," ಎಂದೆ.

ಅವರೆಲ್ಲ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ತವರಿನ ಅಂಗಳದಲ್ಲಿ ಬರಿಗಾಲಲ್ಲಿ ನಡೆದು, ತವರಿನಲ್ಲಿ ಮಲಗಿ, ತವರಿನ ಜ್ವರ ಹತ್ತಿಸಿಕೊಂಡವರು. ಕೌಂಟರಿನಲ್ಲಿ ನೀವು ಬರೆಸಿದ್ದು ಗಂಡನ ಮನೆ. ಕಾರ್ಡಿನಲ್ಲಿ ಹಾಗಿದೆ ಎಂದಿರಿ. ಪರ್ಮನೆಂಟ್ ಅಡ್ರೆಸ್ ಎಂದಿರಿ. ಮದುವೆಯಾದ ಮಗಳು ಹೊರಗಿನವಳೆಂದು ಸರ್ಕಾರಿ ಕಾಗದಕ್ಕೂ ತಿಳಿಸಿ ಮನೆಗೆ ಹೋಗಿ ಉಂಡು ಮಲಗಿದಿರಿ. ಬರೆದುಕೊಂಡವನೂ ಒಂದು ಮಾತು ಕೇಳಲಿಲ್ಲ, ಹಿಂದೆ ಸಾಲು ನಿಂತಿತ್ತು. ನೀವು ಅಳಿಸಿಹಾಕಿದ ಓಣಿಯ ಮೇಲೆ ನಾವು ಮನೆ ಕಟ್ಟಿದೆವು. ನನ್ನ ಹೆಂಡತಿ ಅಲ್ಲೇ ಮೆಂತ್ಯ ಬಿತ್ತಿದಳು. ನಿಮ್ಮನ್ನು ಬೈಯಲು ಕನ್ನಡವೇ ಸಾಲದೆ ಇಂಗ್ಲಿಷ್ ನೆನಪು ಮಾಡಿಕೊಳ್ಳುತ್ತಿದ್ದೇನೆ. ಬರುತ್ತಿರುವುದು 'ಯುವರ್ಸ್ ಫೇತ್‌ಫುಲಿ' ಒಂದೇ.

ನಮಗಾದರೂ ಬುದ್ಧಿ ಬಂತೇ? ಬೇರೆ ಜಾಗ ಕೊಡುವವರೆಗೆ ಇದೇ ಮನೆಯಲ್ಲಿ ಇರಿ ಎಂದರು ಜಾಡುಮನೆಯವರು. ಅಂಗಳಕ್ಕೆ ಸುಣ್ಣ ಸುರಿದೆ, ಬಾಗಿಲಿಗೆ ಬೂಟು ಇಟ್ಟೆ. ಬಾಣಂತನಕ್ಕೆ ಬಂದ ಶಾಂಭವಿ ಅವ್ವನ ಮೆಂತ್ಯದ ಮಡಿ ಕಂಡು ಬರಿಗಾಲಲ್ಲೇ ಇಳಿದಳು. ಮೊನ್ನೆ ಮೈ ಕಾದಿತು, ಅಂದೇ ಈ ಆಸ್ಪತ್ರೆಗೆ ಕರೆತಂದೆ. ಈಗಿನ ಕೌಂಟರಿನಲ್ಲಿ ಮೊದಲ ಪ್ರಶ್ನೆಯೇ, ಹಿಂದಿನ ಹದಿನೈದು ದಿನ ಎಲ್ಲಿ ಮಲಗಿದ್ದಿರಿ ಎಂದು. ನಾನು ಬಾಯಿ ತೆರೆಯುವ ಮೊದಲೇ ಬೀಗತಿ ನುಗ್ಗಿದರು.

"ಗದಗ ಅಂತ ಬರೀರಿ. ನಮ್ಮ ಸೊಸಿ ಆಕಿ."

"ಗದಗಿನ ಮಣ್ಣು ನಡಕೊಂಡು ಇಲ್ಲಿಗಿ ಬಂತೇನ್ರಿ, ಅಕ್ಕಾರ?"

"ನಾಳಿ ಹುಟ್ಟೋ ಕೂಸಿಗೆ ರೋಗದ ಓಣಿದು ಅಂತ ಹೆಸರು ಬರತೈತಿ. ನಿಮಗೇನ್ ಹೋಗೋದೈತಿ?"

ಗಾಲಿಮಂಚದ ಮೇಲಿಂದ ಶಾಂಭವಿ ತಲೆಯೆತ್ತಿದಳು. "ಅಪ್ಪನ ಮನಿ ಅಂತ ಬರ್ಕೊಳ್ರಿ. ನೀವಿಬ್ಬರೂ ಬಾಯಿ ಮುಚ್ಚರಿ."

ಕೆರೆಯಂಗಳ ಎಂದು ಬರೆದುಕೊಂಡರು. ವೈದ್ಯೆ ಅದನ್ನೊಮ್ಮೆ ನೋಡಿದರು, ಏನನ್ನೂ ಹುಡುಕದೆ ಮಣ್ಣುಜ್ವರದ ಔಷಧಿಯನ್ನು ಅಲ್ಲೇ ಏರಿಸಿದರು.

ಇಲ್ಲಿಯವರೆಗೆ ಬರೆದು, ಮಗಳು ಬದುಕಿದರೆ ನಿಮ್ಮನ್ನು ಕ್ಷಮಿಸುತ್ತೇನೆ ಎಂದು ಮುಗಿಸುವವನಿದ್ದೆ. ಅಷ್ಟರಲ್ಲಿ ಒಳಗೆ ಕರೆದರು. ಜ್ವರ ಇಳಿದಿದೆ. ಹೊಟ್ಟೆಯಲ್ಲಿ ಕೂಸು ಒದೆಯುತ್ತಿದೆ. ಶಾಂಭವಿ ಗಂಜಿ ಕುಡಿದು, ಉಪ್ಪು ಹಾಕಿಲ್ಲವೆಂದು ನನ್ನನ್ನೇ ಬೈದಳು, ಥೇಟ್ ಅವರವ್ವನ ದನಿ.

ಆ ದನಿ ಕೇಳಿದ ಮೇಲೆ ಕ್ಷಮಿಸಲು ಆಗಲಿಲ್ಲ. ದಾಕ್ಷಾಯಣಿಗೂ ಬೇಕಾಗಿದ್ದದ್ದು ಇಷ್ಟೇ, ಓಣಿಯ ಹೆಸರು.

ಈಗ ನಿಮ್ಮ ಸರದಿ ಬಂದಿರಬಹುದು, ಮಗಳನ್ನು ಹಿಡಿದುಕೊಂಡು ಕೌಂಟರಿನ ಮುಂದೆ ನಿಂತಿರಬಹುದು. ಅವಳು ನಿನ್ನೆ ಎಲ್ಲಿ ಮಲಗಿದ್ದಳೋ ಅದನ್ನು ಹೇಳಿ. ಕೇಳದಿದ್ದರೂ ಹೇಳಿ.

ನಿಮ್ಮವನಲ್ಲದ,
ಶಿವಪುತ್ರಪ್ಪ